ನಡೆಯುವ ವೇಗದಲ್ಲಿ ಬಂದ ಪ್ರಭು



ಸಾವಿನ ಮನೆಗೆ ಹೋಗಿ, ಕೈಗಡಿಯಾರ ನೋಡಿಕೊಂಡು ಎದ್ದು ಬಂದದ್ದುಂಟೇ? ನಾನು ಬಂದಿದ್ದೇನೆ, ಅದೂ ಗುರುವಾಗಿದ್ದುಕೊಂಡು.

ಅಂದು ರಜೆಯಲ್ಲಿದ್ದ ಇನ್ನೊಬ್ಬ ಗುರುಗಳ ಕೆಲಸವೂ ನನ್ನ ಪಾಲಿಗಿತ್ತು. ಬೆಳಿಗ್ಗೆ ಚನ್ನಗಿರಿಯಲ್ಲಿ ಒಂದು ಮನೆಯ ಬಲಿಪೂಜೆ, ನಡುಹಗಲಿಗೆ ಜಗಳೂರು ಕಡೆಯ ಹಳ್ಳಿಯಲ್ಲಿ ಶವಸಂಸ್ಕಾರ, ಸಂಜೆ ಹೊನ್ನಾಳಿಯಲ್ಲಿ ಗೃಹಾಶೀರ್ವಾದ, ಕತ್ತಲಾಗುವ ಮುಂಚೆ ನ್ಯಾಮತಿಯಲ್ಲಿ ಒಬ್ಬ ರೋಗಿಯ ಭೇಟಿ. ಅಡಿಕೆ ತೋಟದ ಸೀಮೆಯಿಂದ ಮಳೆ ಕಾಣದ ಬಯಲಿಗೆ ಹೋಗಿ, ಮತ್ತೆ ತುಂಗಭದ್ರೆಯ ದಡಕ್ಕೆ ಬರಬೇಕು. ದಾರಿ ಬಲ್ಲವರಿಗೆ ನನ್ನ ಪಾಡು ತಿಳಿದೀತು. ಸಮಾಧಿಯ ಪ್ರಾರ್ಥನೆಗಳನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದೆ. ಬೈಕು ಹತ್ತುವಾಗ ಗಂಡನನ್ನು ಕಳೆದುಕೊಂಡ ಆ ತಾಯಿ ಹತ್ತಿರ ಬಂದು, "ಬಹಳ ಅವಸರದಲ್ಲಿದ್ದೀರಿ ಸ್ವಾಮಿ, ಗಾಡಿ ನಿಧಾನಕ್ಕೆ ಓಡಿಸಿ" ಎಂದರು. ಆಕೆ ಬೈದಿದ್ದರೆ ವಾಸಿಯಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಗುರುಮಠದ ದಿನಗಳಿಂದ ನನಗೆ ಸಂಗೀತದ ಹುಚ್ಚು. ಮೊಬೈಲಿನಲ್ಲಿ ಒಂದು ಹಳೆಯ ಧ್ವನಿಮುದ್ರಣ ಹಾಕಿದೆ: ರಷ್ಯಾದ ಬಲಾಕಿರೆವ್ ರಚಿಸಿದ ಮೊದಲನೆಯ ಸಿಂಫನಿಯ ಮೂರನೆಯ ಭಾಗ. ಸಿಂಫನಿಯೆಂದರೆ ದೊಡ್ಡ ವಾದ್ಯವೃಂದಕ್ಕಾಗಿ ಬರೆದ, ಸಾಮಾನ್ಯವಾಗಿ ನಾಲ್ಕು ಭಾಗಗಳ ಕೃತಿ. ಇದನ್ನು 1949ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವು ಕರಯಾನ್ ಅವರ ನಿರ್ದೇಶನದಲ್ಲಿ ನುಡಿಸಿತು.

ರಷ್ಯಾದ ಸಂಗೀತಕ್ಕೂ ಜಗಳೂರಿಗೂ ಏನು ಸಂಬಂಧ ಎನ್ನುವಿರಾ? ಇದೆ. ಆ ಮುದ್ರಣಕ್ಕೆ ಹಣದ ನೆರವು ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಇಂದಿನ ದಾವಣಗೆರೆ ಜಿಲ್ಲೆಯ ಈ ನಾಲ್ಕೂ ಊರುಗಳು ಅಂದು ಅವರ ಸಂಸ್ಥಾನದಲ್ಲಿದ್ದವು. ಪಿಯಾನೋ ವಾದಕರಾಗಬೇಕೆಂಬ ಆಸೆ ಅವರಿಗಿತ್ತು. 1940ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡು, 21ರ ತರುಣನ ಮೇಲೆ ರಾಜ್ಯಭಾರ ಬಿತ್ತು. ಕೈ ತಪ್ಪಿದ್ದಕ್ಕೆ ಕೊರಗುತ್ತ ಕೂರದೆ ಅವರು ಕರ್ನಾಟಕ ಸಂಗೀತದಲ್ಲಿ 94 ಕೀರ್ತನೆಗಳನ್ನು ರಚಿಸಿದರು. ಹೆಚ್ಚು ಜನ ಕೇಳದ ಪಾಶ್ಚಾತ್ಯ ಕೃತಿಗಳು ತಟ್ಟೆಗೆ ಬರುವಂತೆ ಮಾಡಿದರು.

ಬಲಾಕಿರೆವ್ ಕಥೆಯೂ ಹೀಗೆಯೇ. 1864ರಲ್ಲಿ ಈ ಸಿಂಫನಿ ಆರಂಭಿಸಿದವರು ನಡುವೆ ಬಿಟ್ಟರು. ಮನಸ್ಸು ಕುಸಿಯಿತು, ಕೈ ಬರಿದಾಯಿತು. ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾದರು. ದೈವಭಕ್ತಿಯತ್ತ ತಿರುಗಿದರು. ಮುಂದೆ ಅರಮನೆಯ ದೇವಾಲಯದ ಗಾಯನವೃಂದವನ್ನು ಹನ್ನೊಂದು ವರ್ಷ ನಡೆಸಿದರು. ಸಿಂಫನಿ ಮುಗಿದದ್ದು 1897ರಲ್ಲಿ, ಅವರ ಅರುವತ್ತನೆಯ ವಯಸ್ಸಿನಲ್ಲಿ!

ಆ ಮೂರನೆಯ ಭಾಗದ ಗತಿ 'ಆಂದಾಂತೆ'. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ನಡೆಯುತ್ತಾ ಹೋಗುವುದು. ಓಡುವುದಲ್ಲ, ನಿಲ್ಲುವುದೂ ಅಲ್ಲ. ಮೊದಲು ಕ್ಲಾರಿನೆಟ್ ಒಂದು ಉದ್ದನೆಯ ರಾಗವನ್ನು ಎತ್ತಿಕೊಳ್ಳುತ್ತದೆ. ಹಬ್ಬದ ಮೆರವಣಿಗೆಗೆ ಬರುವ ಬ್ಯಾಂಡ್ ಸೆಟ್ಟಿನಲ್ಲಿ ನೀವು ಕೇಳಿರುವ ಅದೇ ವಾದ್ಯ. ಅದಕ್ಕೆ ಏನೂ ಅವಸರವಿಲ್ಲ. ಭಾವವೇನೆಂದರೆ ಹೇಳುವುದು ಕಷ್ಟ. ದುಃಖವೆನ್ನಲಾರೆ, ಸಂತೋಷವೆನ್ನಲೂ ಆರೆ. ಅತ್ತು ಮುಗಿಸಿದವರು ಜಗುಲಿಯ ಮೇಲೆ ಸುಮ್ಮನೆ ಕುಳಿತ ಹಾಗೆ.

ಶ್ರುತಿಯ ವಿಷಯ ಇನ್ನೂ ಸ್ವಾರಸ್ಯಕರ. ಇಡೀ ಸಿಂಫನಿಯ ಮನೆ 'ಸಿ ಮೇಜರ್'. ಆದರೆ ಈ ಭಾಗ ಇರುವುದು 'ಡಿ ಫ್ಲಾಟ್ ಮೇಜರ್'ನಲ್ಲಿ. ಹಾರ್ಮೋನಿಯಂ ನುಡಿಸುವವರಿಗೆ ಗೊತ್ತು: ಬಿಳಿ ಮನೆಯ ಪಕ್ಕಕ್ಕೇ ಅಂಟಿದ ಕರಿ ಮನೆ ಅದು. ಕೈಗೆ ಅರ್ಧ ಸ್ವರದಷ್ಟೇ ದೂರ, ಕಿವಿಗೆ ಬೇರೆಯೇ ಲೋಕ. ದುಃಖದ ಮನೆಯೂ ಹಾಗೆಯೇ ಅಲ್ಲವೇ? ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆ; ಒಳಗಿನ ಶ್ರುತಿಯೇ ಬೇರೆ. ನಾವೋ, ನಮ್ಮ ಮನೆಯ ಶ್ರುತಿಯನ್ನೇ ಹಿಡಿದು ಒಳಗೆ ನುಗ್ಗಿ, "ಎಲ್ಲಾ ದೇವರ ಚಿತ್ತ, ಧೈರ್ಯ ತಂದುಕೊಳ್ಳಿ" ಎಂದು ಎರಡು ನಿಮಿಷದಲ್ಲಿ ಹೊರಗೆ ಬರುತ್ತೇವೆ. ಮಾತು ಸುಳ್ಳಲ್ಲ, ಅಪಸ್ವರ.

ಲೂಕನ ಶುಭಸಂದೇಶದ 24ನೇ ಅಧ್ಯಾಯವನ್ನು ತೆರೆಯಿರಿ. ಜೆರುಸಲೇಮಿನಿಂದ ಎಮ್ಮಾವುವಿಗೆ ಸುಮಾರು ಹನ್ನೊಂದು ಕಿಲೋಮೀಟರು. ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ಹೋಗುತ್ತಿದ್ದಾರೆ. ಪುನರುತ್ಥಾನರಾದ ಪ್ರಭು ಮೊದಲ ಹೆಜ್ಜೆಯಲ್ಲೇ "ನಾನೇ" ಎಂದು ಹೇಳಿ ಕೆಲಸ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಏನಾಯಿತೆಂದು ಕೇಳಿದರು. ಎಲ್ಲವನ್ನೂ ಬಲ್ಲವರು ಅವರ ಬಾಯಿಂದ ಪೂರ್ತಿ ಹೇಳಿಸಿದರು. ಆಮೇಲೆಯೇ ಧರ್ಮಗ್ರಂಥದ ವಿವರಣೆ, ಆಮೇಲೆ ರೊಟ್ಟಿ. ಅಷ್ಟು ದೂರವೂ ಅವರ ಹೆಜ್ಜೆಗೆ ತಮ್ಮ ಹೆಜ್ಜೆ ಕೂಡಿಸಿದರು. ಗುರುಮಠದಲ್ಲಿ ಈ ಅಧ್ಯಾಯದ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದವನು ನಾನು. ಪ್ರಭು ಎಷ್ಟು ವೇಗದಲ್ಲಿ ನಡೆದರೆಂದು ಅಂದು ಯೋಚಿಸಿರಲೇ ಇಲ್ಲ.

ಆ ರಾತ್ರಿಯೇ ಶಿಷ್ಯರು ಎದ್ದು ಜೆರುಸಲೇಮಿಗೆ ಹಿಂದಿರುಗಿದರು. ಸಿಂಫನಿಯಲ್ಲೂ ಮೂರನೆಯ ಭಾಗ ಪೂರ್ತಿ ನಿಲ್ಲದೆ, ಮೆಲ್ಲನೆ ಕೊನೆಯ ಭಾಗಕ್ಕೆ ಜಾರುತ್ತದೆ. ಅಲ್ಲಿ ಗತಿ ಚುರುಕು, ಶ್ರುತಿ ಮತ್ತೆ ಮೂಲದ ಸಿ. ಆ ಚುರುಕನ್ನು ಹತ್ತು ನಿಮಿಷ ಮುಂಚೆಯೇ ತಂದಿದ್ದರೆ? ಅಂದಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷದ ಸಂಗೀತ. ಇಂಥ ಭಾಗ ಕೇಳುವವರು ನಡುನಡುವೆ ಎದ್ದು ತಟ್ಟೆ ತಿರುವಬೇಕಿತ್ತು. ತಿರುವಿದರು, ಮತ್ತೆ ಕುಳಿತರು. ನಮ್ಮ ಮನೆಗಳಲ್ಲಿ ಅಜ್ಜ ಅದೇ ಕಥೆಯನ್ನು ಮೂರನೆಯ ಸಲ ಹೇಳತೊಡಗಿದರೆ, ಪರೀಕ್ಷೆಯಲ್ಲಿ ಫೇಲಾದ ಮಗಳು ಬಾಗಿಲ ಹಿಂದೆ ನಿಂತಿದ್ದರೆ, ನಾವು ಎಷ್ಟು ಹೊತ್ತು ಕೂರುತ್ತೇವೆ?

ತಿಂಗಳ ಪೂಜೆಗೆ ಆ ಹಳ್ಳಿಗೆ ಮತ್ತೆ ಹೋದೆ. ಅಂದು ಬೇರೆ ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಂಡಿರಲಿಲ್ಲ. ಪೂಜೆ ಮುಗಿದ ಮೇಲೆ ಜಗುಲಿಯ ಮೇಲೆ ಕುಳಿತು, "ಯಜಮಾನರು ಹೇಗಿದ್ದರಮ್ಮಾ?" ಎಂದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮದುವೆಯ ವರ್ಷದಿಂದ ಶುರುಮಾಡಿದರು. ಬರಗಾಲದಲ್ಲಿ ಎತ್ತು ಮಾರಿದ್ದು, ಮೆಕ್ಕೆಜೋಳ ಕೈಕೊಟ್ಟದ್ದು, ಕೊನೆಯ ರಾತ್ರಿ ಅವರು ನೀರು ಕೇಳಿದ್ದು. ನಡುವೆ ನಕ್ಕರು ಕೂಡ. ಮಾತು ಮುಗಿಯುವಾಗ ದೀಪ ಹಚ್ಚುವ ಹೊತ್ತಾಗಿತ್ತು. "ಇಷ್ಟು ಹೊತ್ತಾಯ್ತು, ಊಟ ಮಾಡಿಕೊಂಡೇ ಹೋಗಿ ಸ್ವಾಮಿ" ಎಂದು ಎದ್ದು ಒಲೆ ಹಚ್ಚಲು ಒಳಗೆ ಹೋದರು.