ಅರಿಯುವವನಿಲ್ಲದ ತೀರ್ಪು

ಕೃತಕ ಬುದ್ಧಿಮತ್ತೆ, ಎಂದರೆ ಹಳೆಯ ದತ್ತಾಂಶಗಳ ರಾಶಿಯಲ್ಲಿ ಮರುಕಳಿಸುವ ಮಾದರಿಗಳನ್ನು ಗುರುತಿಸಿ ಮುಂದಿನದನ್ನು ಊಹಿಸುವ ತಂತ್ರಾಂಶವು, ಮಾನವ ಸಂಪನ್ಮೂಲ ನಿರ್ವಹಣೆಯಲ್ಲಿ, ಎಂದರೆ ನೌಕರರ ಆಯ್ಕೆ, ಹಾಜರಿ, ಬಡ್ತಿಗಳ ವ್ಯವಹಾರದಲ್ಲಿ, ಈಗ ಅರ್ಜಿಗಳನ್ನು ಜರಡಿ ಹಿಡಿಯತೊಡಗಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಓದಿ ಮುಗಿಸಿದ ಕೆ.ಆರ್. ಪೇಟೆ ಅಥವಾ ಶ್ರೀರಂಗಪಟ್ಟಣದ ಕಡೆಯ ರೈತರ ಮಗಳೊಬ್ಬಳು ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕಿದರೆ, ಅದನ್ನು ಮೊದಲು ಓದುವುದು ಮನುಷ್ಯರಲ್ಲದಿರಬಹುದು. ಹಾಗಾದರೆ ಅವಳನ್ನು ಅರಿತವರು ಯಾರು ಎಂಬ ಪ್ರಶ್ನೆಗೆ ಪಕ್ಕದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರ ವಿಚಾರ ಇಂದಿಗೂ ದಾರಿ ತೋರುತ್ತದೆ.

ಅವರ ದರ್ಶನವಾದ ವಿಶಿಷ್ಟಾದ್ವೈತದಲ್ಲಿ ಒಡೆಯನಿಲ್ಲದ ಜ್ಞಾನ ಎಂಬುದಿಲ್ಲ. ಜ್ಞಾನವು ಯಾವಾಗಲೂ ಒಬ್ಬ ಜ್ಞಾತೃವಿಗೆ, ಎಂದರೆ ಅರಿಯುವವನಿಗೆ, ಸೇರಿದ್ದು ಮತ್ತು ಯಾವುದೋ ಒಂದು ವಿಷಯವನ್ನು ಕುರಿತದ್ದು. ಜೀವನು ತಾನೇ ಜ್ಞಾನಸ್ವರೂಪನಾಗಿದ್ದು, ದೀಪಕ್ಕೆ ಬೆಳಕಿರುವಂತೆ ಅವನಿಗೆ ಧರ್ಮಭೂತಜ್ಞಾನ, ಎಂದರೆ ಗುಣರೂಪವಾದ ಅರಿವು, ಅಂಟಿಕೊಂಡಿರುತ್ತದೆ. ಅದು ಕರ್ಮವಶದಿಂದ ಸಂಕೋಚಗೊಳ್ಳುತ್ತದೆ, ಮುಕ್ತಿಯಲ್ಲಿ ಪೂರ್ಣವಾಗಿ ಹರಡಿಕೊಳ್ಳುತ್ತದೆ, ಆದರೆ ಜೀವನ ಸ್ವರೂಪ ಮಾತ್ರ ಕುಗ್ಗುವುದಿಲ್ಲ. ರಾಮಾನುಜರು ಹೇಳಿದ್ದು ಬಂಧ ಮೋಕ್ಷಗಳನ್ನು ಕುರಿತು, ನೌಕರಿಯನ್ನು ಕುರಿತಲ್ಲ, ನಿಜ. ಆದರೂ ಒಬ್ಬರಲ್ಲಿ ಇಂದು ಕಾಣುವ ಕೊರತೆಯೇ ಅವರ ಸ್ವಭಾವವಲ್ಲ ಎಂಬ ಇದರ ತಿರುಳನ್ನು ಆಯ್ಕೆಯ ಅಧಿಕಾರ ಹಿಡಿದ ಪ್ರತಿಯೊಬ್ಬರೂ ತಿಳಿದಿರಬೇಕು. ಅಂಕ ಕೊಡುವ ಯಂತ್ರ ಇದನ್ನು ತಿಳಿಯಲಾರದು, ಏಕೆಂದರೆ ಅದಕ್ಕೆ ದೊರೆಯುವುದು ಸಂಕೋಚದ ದಾಖಲೆ ಮಾತ್ರ. ಅಮೆಜಾನ್ ಕಂಪನಿ ಪ್ರಯೋಗಕ್ಕೆಂದು ಕಟ್ಟಿದ್ದ ಆಯ್ಕೆಯ ತಂತ್ರಾಂಶವು, ಗಂಡಸರೇ ಹೆಚ್ಚಾಗಿದ್ದ ಹಳೆಯ ಅರ್ಜಿಗಳಿಂದ ಕಲಿತು ಹೆಂಗಸರ ಅರ್ಜಿಗಳನ್ನು ಕೆಳಗಿಳಿಸುತ್ತಿತ್ತು ಎಂಬುದು 2018ರಲ್ಲಿ ಬೆಳಕಿಗೆ ಬಂದಿತು.

ಕೂಲಿಯವರ ಪಾಡೂ ಇದಕ್ಕೆ ಹೊರತಲ್ಲ. ಉದ್ಯೋಗ ಖಾತರಿ ಯೋಜನೆಯ ಸಾಮುದಾಯಿಕ ಕಾಮಗಾರಿಗಳಲ್ಲಿ ದಿನಕ್ಕೆರಡು ಬಾರಿ, ಸ್ಥಳದ ಗುರುತಿನೊಡನೆ, ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ದಾಖಲಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಅದರಲ್ಲಿ ಕೃತಕ ಬುದ್ಧಿಮತ್ತೆ ಇರಲಿಲ್ಲವಾದರೂ, ಹೂಳೆತ್ತಿದವರ ದುಡಿಮೆಗೆ ಕಣ್ಣಾರೆ ಕಂಡ ಮೇಟಿಯ, ಎಂದರೆ ಕೆಲಸದ ಮೇಲ್ವಿಚಾರಕರ, ಮಾತಿಗಿಂತ ಫೋಟೊ ದೊಡ್ಡ ಸಾಕ್ಷಿಯಾಯಿತು. ನೆಟ್‌ವರ್ಕ್ ಸಿಗದಿದ್ದರೆ ದುಡಿದ ದಿನವೇ ಲೆಕ್ಕಕ್ಕೆ ಬಾರದೆ ಹೋಗಬಹುದಿತ್ತು.

ಮನುಷ್ಯರ ತೀರ್ಪು ಜಾತಿ, ನೆಂಟಸ್ತಿಕೆಗಳಿಂದ ಕಲುಷಿತವಾದುದಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ. ರಾಮಾನುಜರು ತಿರುಕುಲದವರೆಂದು ಗೌರವಿಸಿದ ಅಸ್ಪೃಶ್ಯರಿಗೂ ಮೇಲುಕೋಟೆಯ ಗುಡಿಯ ಪ್ರವೇಶ ವರ್ಷದ ಕೆಲವೇ ದಿನಗಳಿಗೆ ಸೀಮಿತವಾಗಿತ್ತು. ಆದರೆ ಆ ಮಿತಿಯನ್ನು ಹಾಕಿದವರು ಮನುಷ್ಯರಾಗಿದ್ದರು, ಆದ್ದರಿಂದ ಅವರನ್ನು ಕಾರಣ ಕೇಳಲು ಸಾಧ್ಯವಿತ್ತು. ನೇಮಕಾತಿಯ ತಂತ್ರಾಂಶಗಳನ್ನು ಹೆಚ್ಚಿನ ಅಪಾಯದವೆಂದು ವರ್ಗೀಕರಿಸಿ ಮನುಷ್ಯರ ಮೇಲ್ವಿಚಾರಣೆಯನ್ನು ವಿಧಿಸುವ ಐರೋಪ್ಯ ಒಕ್ಕೂಟದ 2024ರ ಕಾಯ್ದೆ ಹಿಡಿದಿರುವುದೂ ಇದೇ ದಾರಿಯನ್ನು. ಯಂತ್ರ ಎಣಿಸಲಿ, ಹೋಲಿಸಲಿ, ಆದರೆ ತಿರಸ್ಕಾರದ ಪತ್ರದಲ್ಲಿ ಕಾರಣವೂ, ಆ ಕಾರಣಕ್ಕೆ ಹೊಣೆ ಹೊರುವ ಒಬ್ಬ ಅಧಿಕಾರಿಯ ಹೆಸರೂ ಇರುವಂತೆ ಇಲ್ಲಿಯೂ ಕಾನೂನು ಕಡ್ಡಾಯ ಮಾಡಬೇಕು.