ಥರ್ಮಾಮೀಟರು ಯಾರ ಕೈಯಿಂದ ಯಾರ ಕೈಗೆ?

ಎರಡು ವರ್ಷದ ಹಿಂದೆ ನಮ್ಮ ಕೇರಿಗೆ ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು ಬಂದಿದ್ದರು. ಮೈಮೇಲೆ ಬಿಳಿ ಕೋಟು, ಕೋಟಿನ ಮೇಲೆ ಅವರ ಸಂಘದ ಬ್ಯಾಡ್ಜು. ಮಾನವೀಯತೆ ಮತ್ತು ಸಮುದಾಯ ಸೇವೆ ಎಂದು ಬರೆದ ಬ್ಯಾನರನ್ನು ಮಾರಿಗುಡಿ ಮುಂದಿನ ಬೇವಿನ ಮರಕ್ಕೆ ಕಟ್ಟಿದರು. ಹಿರಿಯ ಡಾಕ್ಟರೊಬ್ಬರು ನೆರಳಿನಲ್ಲಿ ಕೂತು ಚೀಟಿಗಳಿಗೆ ಸಹಿ ಹಾಕುತ್ತಿದ್ದರು, ಅಷ್ಟೆ. ಮಿಕ್ಕಿದ್ದನ್ನೆಲ್ಲ ಆ ಮಕ್ಕಳೇ ನಡೆಸಿದರು. ನಮ್ಮ ವಯಸ್ಸಿನವರೇ, ನಮಗಿಂತ ಒಂದೆರಡು ವರ್ಷ ಚಿಕ್ಕವರು.

ಒಬ್ಬ ಹುಡುಗಿ ನಮ್ಮವ್ವನ ಮುಂಗೈ ಹಿಡಿದು ನಾಡಿ ನೋಡಿದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. "ಅವ್ವಾ, ಊಟ ಆಯ್ತಾ?" ಅಂದಳು. ಆ ರಾತ್ರಿ ಅವ್ವ ಒಲೆ ಮುಂದೆ ಕೂತು ಅದನ್ನೇ ಹೇಳಿದಳು: "ಆ ಮಗ ನನ್ ಕೈ ಹಿಡ್ಕಂಡೇ ಮಾತಾಡುಸ್ತು ಕಣ್ಲಾ. ಯಾವ ಡಾಕುಟ್ರೂ ಹಂಗೆ ಹಿಡ್ದಿರ್ನಿಲ್ಲ."

ಬಿಪಿ ಜಾಸ್ತಿ ಇತ್ತು. ಹದಿನೈದು ದಿನಕ್ಕೆ ಗುಳಿಗೆ ಕೊಟ್ಟರು. ಬದುಕಿರುವ ತನಕ ತಗೋಬೇಕು, ಬಿಡಬಾರದು ಅಂತಲೂ ಹೇಳಿದರು. ಸಂಜೆ ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿದರು. ಅವ್ವ ಲೆಕ್ಕ ಹಾಕಿದಳು. ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಬೇರೆ. ಗುಳಿಗೆಯನ್ನು ಕುಡುಗೋಲಿನಿಂದ ಅರ್ಧ ಮಾಡಿ ನುಂಗತೊಡಗಿದಳು. ಹದಿನೈದು ದಿನದ್ದು ಮೂವತ್ತು ದಿನ ಬಂತು. ಆಮೇಲೆ ಏನೂ ಇಲ್ಲ. "ಮತ್ತೆ ಬತ್ತಾರೆ ಬುಡು" ಅಂದಳು. ಡಿಗ್ರಿ ಓದಿದ ನಾವು ಮನೆಯಲ್ಲೇ ಇದ್ದೂ ಆ ಅರ್ಧ ಗುಳಿಗೆಯನ್ನು ತಿಂಗಳ ತನಕ ಗಮನಿಸಲಿಲ್ಲ. ಇದನ್ನೂ ಬರೆದುಬಿಡಬೇಕು.

ಉಪಕಾರ ಮಾಡಿದವರ ಮೇಲೆಯೇ ತಪ್ಪು ಹುಡುಕುತ್ತಾರೆ ಎಂದು ಕೆಲವರು ಅನ್ನಬಹುದು. ಅನ್ನಲಿ. ನಮ್ಮ ಪ್ರಶ್ನೆ ಆ ಹುಡುಗಿಯ ಒಳ್ಳೆಯತನದ ಮೇಲಲ್ಲ. ಒಬ್ಬರ ಒಳ್ಳೆಯತನ ಇನ್ನೊಬ್ಬರ ಬದುಕಿಗೆ ಆಧಾರವಾಗಬಲ್ಲುದೇ, ಆಗಬೇಕೇ ಎಂಬುದು ಪ್ರಶ್ನೆ.

ಬಾಬಾಸಾಹೇಬರ ಆತ್ಮಕಥನದ ಬರಹ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಕಾಠಿಯಾವಾಡದ ಶಾಲಾಮಾಸ್ತರನೊಬ್ಬನ ಕಥೆ ನೆನಪಿರುತ್ತದೆ. 1929ರಲ್ಲಿ ಆತನ ಕಾಗದ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಕ್ಕೆ ಕಾಲಿಡುವುದಿಲ್ಲ ಎಂದ. ಎರಡು ರೂಪಾಯಿ ಫೀಜು ಪಡೆದು, ಬಾಣಂತಿಯನ್ನು ಕೇರಿಯ ಹೊರಕ್ಕೆ ತಂದರೆ ನೋಡುತ್ತೇನೆ ಎಂದ. ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಆತ ಮಾಸ್ತರನಿಗೆ ಕೊಟ್ಟ, ಮಾಸ್ತರ ಹೆಂಡತಿಗೆ ಇಟ್ಟ. ವಾಪಸ್ಸು ಹೋಗಿದ್ದೂ ಅದೇ ದಾರಿಯಲ್ಲಿ. ನ್ಯುಮೋನಿಯಾ ಎಂದು ಹೇಳಿ ಡಾಕ್ಟರು ಹೊರಟುಹೋದ, ಔಷಧಿ ಕಳಿಸಿದ. ಆಮೇಲೆ ಕರೆದರೆ ಬರಲಿಲ್ಲ. ಆ ತಾಯಿ ಸತ್ತಳು.

ಆ ಡಾಕ್ಟರನಿಗೆ ವಿದ್ಯೆ ಕಡಿಮೆ ಇರಲಿಲ್ಲ. ರೋಗದ ಹೆಸರು ಹೇಳಿದ, ಔಷಧಿಯನ್ನೂ ಕಳಿಸಿದ. ಇನ್ನೊಂದು ಸಲ ನೋಡಲೇಬೇಕು ಎಂದು ಆತನನ್ನು ಕಟ್ಟಿಹಾಕುವ ಬಲ ಮಾತ್ರ ಆ ಮಾಸ್ತರನಿಗೆ ಇರಲಿಲ್ಲ. ಬರುವುದೂ ಡಾಕ್ಟರನ ಇಷ್ಟ, ಬರದಿರುವುದೂ ಡಾಕ್ಟರನ ಇಷ್ಟ.

ನಮ್ಮವ್ವನ ಕೈಯನ್ನು ಆ ಹುಡುಗಿ ನೇರವಾಗಿ ಹಿಡಿದಳು. ಇದು ಸಣ್ಣ ಮಾತಲ್ಲ. ಇದಕ್ಕಾಗಿ ನಮ್ಮ ಹಿರಿಯರು ಹೊಡೆತ ತಿಂದಿದ್ದಾರೆ, ಊರು ಬಿಟ್ಟಿದ್ದಾರೆ. ಆದರೆ ಹದಿನಾರನೆಯ ದಿನದ ಲೆಕ್ಕದಲ್ಲಿ ನಮ್ಮವ್ವನೂ ಆ ಮಾಸ್ತರನ ಜಾಗದಲ್ಲೇ ನಿಂತಿದ್ದಳಲ್ಲ? ಮುಟ್ಟಿದವರು ಮತ್ತೆ ಬರುವುದೂ ಅವರ ಇಷ್ಟವೇ.

ಸೇವೆ ಎಂಬ ಮಾತನ್ನು ನಾವು ಅನುಮಾನದಿಂದ ನೋಡುವುದು ಇದಕ್ಕೇ. ಸೇವೆಯಲ್ಲಿ ಶುರು ಮಾಡುವವನೂ ಅವನೇ, ನಿಲ್ಲಿಸುವವನೂ ಅವನೇ. ಪಡೆದವನು ಕೈಮುಗಿಯಬಹುದು, ಕೇಳುವಂತಿಲ್ಲ. ನಮ್ಮಪ್ಪ ಗೌಡರ ಮನೆಯಲ್ಲಿ ಜೀತಕ್ಕಿದ್ದಾಗ ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದರಂತೆ. ಅದೂ ಒಂದು ಕರುಣೆ! ಬಾಬಾಸಾಹೇಬರು ತೀರಿಕೊಂಡ ಮೇಲೆ, 1957ರಲ್ಲಿ ಅಚ್ಚಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕರುಣೆ ಸಾಲದು, ಮೈತ್ರಿ ಬೇಕು ಎಂಬ ವಿಚಾರವಿದೆ. ನಮ್ಮ ಬುದ್ಧಿಗೆ ತಿಳಿದಂತೆ ಮೈತ್ರಿ ಅಂದರೆ ಗೆಳೆತನ. ಗೆಳೆಯನನ್ನು ಜಗಳ ಮಾಡಿ ಕೇಳಬಹುದು, ಯಾಕ್ಲಾ ಬರಲಿಲ್ಲ ಅಂತ.

ದತ್ತು ಎಂಬ ಮಾತನ್ನೇ ನೋಡಿ. 2021ರ ಬ್ಯಾಚಿನಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಕಾರ್ಯಕ್ರಮ ತಂದಿತು. ಪ್ರತಿ ಎಂಬಿಬಿಎಸ್ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು, ಓದು ಮುಗಿಯುವ ತನಕ ಅವರ ಆರೋಗ್ಯ ವಿಚಾರಿಸಬೇಕು. ಒಂದು ದಿನದ ಕ್ಯಾಂಪಿಗಿಂತ ಇದು ಎಷ್ಟೋ ಮೇಲು, ಇದನ್ನು ಒಪ್ಪುತ್ತೇವೆ. ಆದರೆ ದತ್ತು ಯಾಕೆ? ಹತ್ತೊಂಬತ್ತು ವರ್ಷದ ಹುಡುಗ ಅರವತ್ತು ವರ್ಷದ ನಮ್ಮವ್ವನನ್ನು ದತ್ತು ತಗೊಳ್ಳುವುದೆಂದರೇನು? ಕಲಿಯಲು ಬಂದವನು ಅವನು. ಬಿಪಿ ಪಟ್ಟಿ ಸುತ್ತುವುದನ್ನು ಅವನು ಕಲಿತದ್ದು ನಮ್ಮ ತೋಳಿನ ಮೇಲೆ. ನಾವು ಅವನನ್ನು ಸಾಕಿಕೊಂಡೆವು ಅಂದರೂ ಸುಳ್ಳಾಗದು.

ಅಮೆರಿಕದಲ್ಲಿ ಇದಕ್ಕೆ ದೊಡ್ಡ ವ್ಯವಸ್ಥೆಯೇ ಇದೆ. ಅಲ್ಲಿನ ಗೋಲ್ಡ್ ಫೌಂಡೇಶನ್ 1993ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿ ಕೋಟು ತೊಡಿಸುವ ಸಮಾರಂಭ ಶುರುಮಾಡಿತು. 2002ರ ಸುಮಾರಿಗೆ ಮಾನವೀಯತೆಗೇ ಒಂದು ಗೌರವ ಸಂಘ ಕಟ್ಟಿತು. ಸಹಪಾಠಿಗಳು ಹೆಸರು ಸೂಚಿಸಿದವರು ಅದರ ಸದಸ್ಯರಾಗುತ್ತಾರೆ, ಸೇವಾಕಾರ್ಯಗಳನ್ನು ಮುಂದೆ ನಿಂತು ನಡೆಸುತ್ತಾರೆ. ಮಾರ್ಕಿಗೆ ಮಾತ್ರ ಬೆಲೆ ಇರುವ ಕಡೆ ಇದು ಒಳ್ಳೆಯದೇ. ಆದರೂ ನಮ್ಮಂಥವರಿಗೆ ಒಂದು ಸಂಶಯ. ಯಾರು ಮಾನವೀಯರು ಎಂದು ಹೇಳುವಾಗ ಮಂಚದ ಮೇಲೆ ಮಲಗಿದವರ ಓಟು ಎಲ್ಲಿ?

ಅದೇ ನಾಡಿನಲ್ಲಿ ಇನ್ನೊಂದು ದಾರಿಯೂ ಇತ್ತು. 1970ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ತನ್ನ ಶಾಖೆಗಳೆಲ್ಲ ಜನರ ಉಚಿತ ಚಿಕಿತ್ಸಾಲಯ ತೆರೆಯಬೇಕು ಎಂದಿತು. 1972ರಲ್ಲಿ ಮುಂಬೈಯ ನಮ್ಮ ಗೆಳೆಯರು ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡದ್ದು ಇವರನ್ನು ನೋಡಿಯೇ. ಕರಿಯರನ್ನು ಕಾಡುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯನ್ನು ಬಿಳಿಯರ ಸರ್ಕಾರ ಕಡೆಗಣಿಸಿತ್ತು. ಪ್ಯಾಂಥರುಗಳು 1971ರಿಂದ ತಾವೇ ಜನರ ರಕ್ತ ಪರೀಕ್ಷೆಗೆ ನಿಂತರು. ಅಲ್ಲಿಗೂ ಡಾಕ್ಟರುಗಳು, ಮೆಡಿಕಲ್ ವಿದ್ಯಾರ್ಥಿಗಳು ಬಂದರು. ಆದರೆ ಚಿಕಿತ್ಸಾಲಯ ಕಟ್ಟಿದವರು ಆ ಬೀದಿಯ ಜನ, ಬಂದವರು ಕೈಜೋಡಿಸಿದರು. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಇನ್ನು ಕಾಲೇಜಿನ ಒಳಗಿನ ಮಾತು. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ಪಾಡನ್ನು ವಿಚಾರಿಸಿದ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಕಿರುಕುಳ ತಾಳದೆ ಅವರು ಹಾಸ್ಟೆಲ್ಲಿನಲ್ಲೂ ಬೇರೆ ಕಡೆ ಕೋಣೆ ಹಿಡಿಯಬೇಕಾಗಿತ್ತು. ಅಂದರೆ ಹಾಸ್ಟೆಲ್ಲಿನಲ್ಲೂ ಒಂದು ಕೇರಿ! ಪಕ್ಕದ ಕೋಣೆಯವನ ಜೊತೆ ಊಟಕ್ಕೆ ಕೂರದವನು ಬಸ್ಸು ಹತ್ತಿ ನಮ್ಮ ಕೇರಿಗೆ ಬಂದು ಮಾನವೀಯತೆಯ ಬ್ಯಾನರು ಕಟ್ಟಿದರೆ ನಾವು ಅವನನ್ನು ಏನೆಂದು ಕರೆಯಬೇಕು? ನಮ್ಮ ಕೇರಿಗೆ ಬಂದವರೆಲ್ಲ ಹೀಗೆ ಎಂದು ನಾವು ಹೇಳುತ್ತಿಲ್ಲ. ಆದರೆ ಅಂಥ ಸಂಘ ಮೊದಲ ಕ್ಯಾಂಪು ಹಾಕಬೇಕಾದದ್ದು ತನ್ನ ಮೆಸ್ಸಿನಲ್ಲಿ.

ಚೀಟಿಯ ಹಿಂದೆ ಆ ಸಂಘದ ನಂಬರಿತ್ತು. ಫೋನು ಮಾಡಿದೆವು. ಗುಳಿಗೆ ಮುಗಿದು ಮೂರು ತಿಂಗಳಾಯ್ತು ಅಂದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅದೇ ಹುಡುಗಿ. ಮುಂದಿನ ಕ್ಯಾಂಪು ಯಾವಾಗ ಅಂತ ಕೇಳಿ ಹೇಳ್ತೀನಿ ಅಂದಳು. ಕ್ಯಾಂಪು ಬೇಡ, ನೀವೊಬ್ಬರು ಬನ್ನಿ ಅಂದೆವು.

ಭಾನುವಾರ ಬಂದಳು, ಕೋಟಿಲ್ಲದೆ. ಅವ್ವ ಕೊಟ್ಟ ನೀರು ಕುಡಿದು ಜಗಲಿ ಮೇಲೆ ಕೂತಳು. ಬಿಪಿ, ಶುಗರು ಇರುವವರ ಪಟ್ಟಿ ಮಾಡಿದೆವು, ಕೇರಿಯಲ್ಲೇ ಇಪ್ಪತ್ತಮೂರು ಜನ. ಯಾವ ಗುಳಿಗೆ, ದಿನಕ್ಕೆ ಎಷ್ಟು ಎಂಬುದನ್ನು ಅವಳು ಹೇಳಿದಳು. ಅರ್ಜಿಯನ್ನು ನಾವು ಬರೆದೆವು, ಅರ್ಜಿಯ ಭಾಷೆ ನಮಗೆ ಚೆನ್ನಾಗಿ ಬರುತ್ತದೆ. ತಿಂಗಳ ಗುಳಿಗೆ ಊರಿನ ಉಪಕೇಂದ್ರದಲ್ಲೇ ಸಿಗಬೇಕು ಎಂದು ಕೇಳಿದೆವು. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಹೋದಾಗ ಅವಳು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಅಧಿಕಾರಿಗಳು ಅವಳನ್ನೇ ನೋಡಿ ಮಾತಾಡಿದರು, ಅವಳು "ಅವ್ವನ್ನ ಕೇಳಿ ಸಾರ್" ಅಂದಳು. ಅವ್ವ ಗುಳಿಗೆಯ ಖಾಲಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಮೂರು ತಿಂಗಳು ಗುಳಿಗೆ ಬಂತು. ನಾಲ್ಕನೆಯ ತಿಂಗಳು ಸ್ಟಾಕ್ ಇಲ್ಲ ಅಂದರು. ಮತ್ತೆ ಹೋದೆವು. ಅವಳಿಗೆ ಪರೀಕ್ಷೆ ಇತ್ತು, ಬರಲಾಗಲಿಲ್ಲ. ಇಪ್ಪತ್ತಮೂರು ಜನವೂ ಟ್ರಾಕ್ಟರು ಹತ್ತಿದರು.