ಕಹಿಯ ತಿರುಗಾಟ

ಊಟ ಮುಗಿಸಿ ಕೈ ತೊಳೆದ ಮೇಲೆ ಆ ಊಟದ ಸಂಗತಿ ನಮಗೆ ಏನೂ ತಿಳಿಯುವುದಿಲ್ಲ. ತುತ್ತಿಗೂ ನಮಗೂ ಇದ್ದ ನಂಟು ಗಂಟಲಲ್ಲೇ ಕಡಿದುಹೋಗುತ್ತದೆ. ಹುಳಿತೇಗೋ ಹೊಟ್ಟೆನೋವೋ ಬಂದರೆ ಮಾತ್ರ ಒಳಗಿನ ಸುದ್ದಿ. ಕರುಳಿಗೆ ಹಾಗಲ್ಲ. ಬಂದದ್ದು ತುಪ್ಪವೋ ಅನ್ನವೋ ಬೇಳೆಯೋ, ಎಷ್ಟು ಬಂತು, ಇನ್ನೂ ಬೇಕೋ ಸಾಕೋ, ಎಲ್ಲವನ್ನೂ ಅದು ಬಲ್ಲದು. ಈ ಅರಿವಿನ ಬೆನ್ನು ಹತ್ತಿ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಪಿತ್ತರಸ. ವಾಂತಿಯ ಕೊನೆಗೆ ಬಾಯಿಗೆ ಬಂದು ಮುಖ ಕಿವುಚಿಸುವ ಆ ಹಳದಿ-ಹಸಿರು ನೀರು. (ಆಯುರ್ವೇದ ಹೇಳುವ ಪಿತ್ತದ ಹರವು ಬೇರೆ. ಎರಡನ್ನೂ ಎಳೆದು ತಂದು ಒಂದಕ್ಕೊಂದು ಗಂಟು ಹಾಕುವ ಆಸೆ ನನಗಿಲ್ಲ.)

ಈ ರಸದಲ್ಲಿರುವ ಪಿತ್ತಾಮ್ಲಗಳನ್ನು ಯಕೃತ್ತು ಮಾಡುವುದು ಕೊಲೆಸ್ಟ್ರಾಲಿನಿಂದ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಂಡರೆ ನಾವು ಬೆಚ್ಚುವ ಅದೇ ಕೊಲೆಸ್ಟ್ರಾಲು. ಹೀಗೆ ಆದದ್ದು ಪಿತ್ತಕೋಶದಲ್ಲಿ ಗಟ್ಟಿಯಾಗುತ್ತ ಕಾಯುತ್ತದೆ. ಜಿಡ್ಡು ಸಣ್ಣ ಕರುಳಿನ ಬಾಗಿಲಿಗೆ ಬಂದೊಡನೆ ಅಲ್ಲಿನ ಕೋಶಗಳು ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ, ಪಿತ್ತಕೋಶ ಹಿಂಡಿಕೊಳ್ಳುತ್ತದೆ. 1928ರಲ್ಲಿ ಐವಿ ಮತ್ತು ಓಲ್ಡ್‌ಬರ್ಗ್ ಕಂಡುಕೊಂಡ ಸಂಗತಿ ಇದು. ಇದೇ ಹಾರ್ಮೋನನ್ನು ಚುಚ್ಚಿದರೆ ಇಲಿಗಳು ತಿನ್ನುವುದನ್ನು ಕಡಿಮೆ ಮಾಡುತ್ತವೆ ಎಂದು ಗೊತ್ತಾದದ್ದು 1973ರಲ್ಲಿ. ಜಿಡ್ಡು ಕರಗಿಸಲು ಪಿತ್ತವನ್ನು ಕರೆಯುವುದೂ ಮಿದುಳಿಗೆ ‘ಸಾಕು’ ಎನ್ನುವುದೂ ಒಂದೇ ದನಿ. ಅಡುಗೆಮನೆಗೂ ಪಂಕ್ತಿಗೂ ಬೇರೆ ಬೇರೆ ಆಳುಗಳನ್ನು ಇಡುವ ದುಂದು ಒಡಲಿಗೆ ಒಗ್ಗದೇನೋ.

ಕರುಳಿಗೆ ಇಳಿದ ಪಿತ್ತಾಮ್ಲ ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಯುವಂತೆ ಮಾಡುತ್ತದೆ. ಆಮೇಲಿನದೇ ಸೋಜಿಗ. ಕೆಲಸ ಮುಗಿದ ಪಿತ್ತಾಮ್ಲ ಬಹುಮಟ್ಟಿಗೆ ಹೊರಗೆ ಹೋಗುವುದಿಲ್ಲ. ನೂರಕ್ಕೆ ತೊಂಬತ್ತೈದರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಹೆಕ್ಕಿ, ರಕ್ತದ ಮೂಲಕ ಯಕೃತ್ತಿಗೆ ಮರಳಿಸುತ್ತದೆ. ಒಡಲಿನಲ್ಲಿ ಇರುವುದೇ ಕೆಲವು ಗ್ರಾಂ. ಅಷ್ಟೇ ಸರಕು ದಿನಕ್ಕೆ ಹಲವು ಸುತ್ತು ಹೊಡೆಯುತ್ತದೆ. ನಿನ್ನೆ ಹೋಳಿಗೆಯ ತುಪ್ಪಕ್ಕೆ ಕೈಹಾಕಿದ ಕಣವೇ ಇವತ್ತು ಬೋಂಡಾದ ಎಣ್ಣೆಗೂ ಹೋಗಿ ಬಂದಿರುತ್ತದೆ. ಊಟಗಳು ಬರುತ್ತವೆ, ಹೋಗುತ್ತವೆ. ಕಹಿ ಮಾತ್ರ ತಿರುಗುತ್ತಲೇ ಇರುತ್ತದೆ.

ಎಣ್ಣೆನೀರಿನ ದಿನ ಸೀಗೆಪುಡಿ ಮಾಡುವ ಕೆಲಸಕ್ಕಿಂತ ಹೆಚ್ಚಿನದನ್ನು ಇದು ಮಾಡೀತೆಂದು ಬಹುಕಾಲ ಯಾರೂ ಎಣಿಸಿರಲಿಲ್ಲ. 1999ರಲ್ಲಿ ಮೂರು ತಂಡಗಳು, ಕೋಶದ ಬೀಜಕೇಂದ್ರದಲ್ಲಿ ಪಿತ್ತಾಮ್ಲಕ್ಕೆ ಅಂಟಿಕೊಂಡು ಜೀನುಗಳನ್ನು ಆಳುವ ಎಫ್‌ಎಕ್ಸ್‌ಆರ್ ಎಂಬ ಗ್ರಾಹಿಯನ್ನು ಗುರುತಿಸಿದವು. ಕೆಲವೇ ವರ್ಷಗಳಲ್ಲಿ ಕೋಶದ ಹೊರಪೊರೆಯ ಮೇಲೆ ಪಿತ್ತಾಮ್ಲದ ಇನ್ನೊಂದು ಗ್ರಾಹಿ, ಟಿಜಿಆರ್‌5 ಸಿಕ್ಕಿತು. ಅಂದರೆ ಕೋಶಗಳು ಪಿತ್ತಕ್ಕೆ ಕಿವಿಗೊಡುತ್ತಿದ್ದವು. ಪಿತ್ತಾಮ್ಲ ಹೀರಿಕೊಂಡ ಕರುಳು ಎಫ್‌ಜಿಎಫ್‌19 ಎಂಬ ಹಾರ್ಮೋನನ್ನು ಕಳಿಸಿ, ‘ಹೊಸದು ಮಾಡುವುದು ಸಾಕು’ ಎಂದು ಯಕೃತ್ತಿಗೆ ಹೇಳುತ್ತದೆ. ಇಲಿಗಳಲ್ಲಿ ಕಂಡಂತೆ, ಉಂಡ ಸಕ್ಕರೆಯನ್ನು ಕೂಡಿಡಲೂ ಅದೇ ಯಕೃತ್ತಿಗೆ ಹೇಳುತ್ತದೆ. ಯೋಚಿಸಿದರೆ ಸಹಜವೇ ಅನ್ನಿಸುತ್ತದೆ: ಪಿತ್ತ ಹರಿಯುವುದು ಉಂಡಾಗ. ಊಟ ಬಂತೆಂದು ಸಾರಲು ಬೇರೆ ಡಂಗುರ ಏಕೆ? ಉಂಡದ್ದನ್ನು ಕರಗಿಸಲು ಬಂದದ್ದೇ ಉಂಡ ಸುದ್ದಿಯೂ ಆಯಿತು.

ಕರುಳಿಗೆ ಹೀಗೆ ಸ್ವಂತ ಮಾತಿದೆ ಎಂಬುದನ್ನು ನಂಬಿಸಲು ಒಂದು ನಾಯಿ ಬೇಕಾಯಿತು. 1902ರ ಜನವರಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜು. ಜೀರ್ಣಕ್ರಿಯೆಯನ್ನೆಲ್ಲ ನರಗಳೇ ನಡೆಸುತ್ತವೆ ಎಂದು ಪಾವ್ಲೊವ್ ಸಾರಿದ್ದ ಕಾಲ ಅದು. ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಹಾಕಿದರು. ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳಿನ ಒಳಪದರವನ್ನು ಕೆರೆದು, ಆಮ್ಲದೊಂದಿಗೆ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದರು. ಮತ್ತೆ ರಸ. ಅದಕ್ಕೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. 1905ರ ಉಪನ್ಯಾಸದಲ್ಲಿ ಸ್ಟಾರ್ಲಿಂಗ್ ‘ಹಾರ್ಮೋನ್’ ಎಂಬ ಪದವನ್ನು ಬಳಕೆಗೆ ತಂದರು. ಥೈರಾಯ್ಡ್, ಇನ್ಸುಲಿನ್ ಎಂದೆಲ್ಲ ನಾವು ಗೌರವದಿಂದ ಮಾತಾಡುವ ವಂಶಕ್ಕೆ ಹೆಸರು ಸಿಕ್ಕಿದ್ದು ಕರುಳಿನ ದೆಸೆಯಿಂದ. ಕರುಳೆಂದರೆ ಮೂಗು ಮುರಿಯುವವರಿಗೆ ಇದನ್ನು ಹೇಳಬೇಕು.

ಸಕ್ಕರೆಯ ಕತೆಯೂ ಇದೇ ದಾರಿಯದು. ಗ್ಲೂಕೋಸನ್ನು ನೇರ ರಕ್ತನಾಳಕ್ಕೆ ಹರಿಸಿದರೆ ಸುರಿಯುವ ಇನ್ಸುಲಿನ್‌ಗಿಂತ, ಅದೇ ಗ್ಲೂಕೋಸನ್ನು ಕುಡಿದಾಗ ಸುರಿಯುವುದು ಬಹಳ ಹೆಚ್ಚು. 1964ರಲ್ಲಿ ಇದನ್ನು ಅಳೆದು ತೋರಿಸಿದರು. ರಕ್ತದಲ್ಲಿ ಸಕ್ಕರೆ ಏರುವುದನ್ನು ಮಾತ್ರ ನೋಡಿಕೊಂಡು ಮೇದೋಜೀರಕ ಕೂತಿಲ್ಲ. ಕರುಳು ಅದಕ್ಕೆ ಮುಂಚಿತವಾಗಿ ಕೂಗಿ ಹೇಳುತ್ತದೆ. ಆ ಕೂಗುಗಳಲ್ಲಿ ಒಂದು ಜಿಎಲ್‌ಪಿ-1. ಇನ್ಸುಲಿನ್ನನ್ನು ಎಬ್ಬಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಹಸಿವನ್ನು ತಗ್ಗಿಸುತ್ತದೆ. ರಕ್ತದಲ್ಲಿ ಅದರ ಆಯುಸ್ಸು ಒಂದೆರಡು ನಿಮಿಷ. ಈಗ ಎಲ್ಲರ ಬಾಯಲ್ಲೂ ಇರುವ ಸೆಮಾಗ್ಲುಟೈಡ್, ಆ ಎರಡು ನಿಮಿಷದ ಮಾತನ್ನು ವಾರದುದ್ದಕ್ಕೆ ಎಳೆದ ಮದ್ದು. ಅದರ ಗುಣ ದೊಡ್ಡದು, ನಿಜ. ಆದರೂ ಊಟಊಟಕ್ಕೆ ಎದ್ದು ಅಡಗುವ ಮೂಲದ ಪಿಸುಮಾತೇ ನನಗೆ ಹೆಚ್ಚು ಚೆಂದ ಕಾಣುತ್ತದೆ.

ಪಿತ್ತ, ಸಕ್ಕರೆ ಎಂಬ ಈ ಎರಡು ಎಳೆಗಳು ಕೂಡಿದಂತೆ ಕಂಡದ್ದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಬೊಜ್ಜು ಇಳಿಸಲೆಂದು ಅಮೆರಿಕದ ವಾಲ್ಟರ್ ಪೋರೀಸ್ ಜಠರದ ಬೈಪಾಸ್ ಮಾಡುತ್ತಿದ್ದರು. ಅವರ ರೋಗಿಗಳಲ್ಲಿ ಬಹುಮಂದಿಯ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂತು; ಎಷ್ಟೋ ಜನರಲ್ಲಿ ತೂಕ ಇಳಿಯುವ ಮೊದಲೇ, ದಿನಗಳಲ್ಲೇ. 1995ರಲ್ಲಿ ಅವರು ಇದನ್ನು ಪ್ರಕಟಿಸಿದರು. ತುತ್ತು ಕಡಿಮೆಯಾದದ್ದು ಒಂದು ಕಾರಣ. ಆದರೆ ಕರುಳಿನ ದಾರಿ ಬದಲಾದ ಇಂಥವರಲ್ಲಿ ಊಟದ ನಂತರ ಜಿಎಲ್‌ಪಿ-1 ಹಲವು ಪಟ್ಟು ಏರುತ್ತದೆ, ರಕ್ತದಲ್ಲಿ ಪಿತ್ತಾಮ್ಲವೂ ಹೆಚ್ಚುತ್ತದೆ. ಇದರಲ್ಲಿ ಪಿತ್ತದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಮುಗಿಸುವ ಅವಸರ ನನಗೂ ಇಲ್ಲ.

ಮರಳಿ ಸಿಗದ ಆ ನೂರಕ್ಕೆ ಐದರ ಮಾತು ಉಳಿಯಿತು. ಕೈತಪ್ಪಿ ದೊಡ್ಡ ಕರುಳಿಗೆ ಜಾರಿದ ಪಿತ್ತಾಮ್ಲದಲ್ಲಿ ಒಂದು ಪಾಲನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ತಿದ್ದಿ ಲಿಥೊಕೋಲಿಕ್ ಆಮ್ಲವನ್ನಾಗಿ ಮಾಡುತ್ತವೆ. ಒಡಲಿನ ಪಿತ್ತಾಮ್ಲಗಳಲ್ಲೆಲ್ಲ ಟಿಜಿಆರ್‌5ನ್ನು ಅತಿ ಜೋರಾಗಿ ತಟ್ಟುವುದು ಅದೇ. ಜಿಎಲ್‌ಪಿ-1 ಬಿಡುವ ಕೋಶಗಳು ದಟ್ಟವಾಗಿರುವುದೂ ಕರುಳಿನ ಈ ಕೊನೆಯಲ್ಲೇ. ಆ ಕೋಶಗಳ ಮೇಲಿನ ಟಿಜಿಆರ್‌5 ಗ್ರಾಹಿ ಕರುಳಿನ ಪೊಳ್ಳಿನ ಕಡೆಗಲ್ಲ, ರಕ್ತದ ಕಡೆಗೆ ಮುಖ ಮಾಡಿದೆ ಎನ್ನುತ್ತವೆ ಪ್ರಯೋಗಗಳು. ಪಿತ್ತಾಮ್ಲ ಗೋಡೆ ದಾಟಿ ಒಳಗೆ ಬಂದ ಮೇಲೆಯೇ ಅದಕ್ಕೆ ಕೇಳಿಸುವುದು.